ದೋಣಿಮನೆ ಮಾಡಿನ ಗಡಿ

ಸರ್ವೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಈಚೆಗೆ ಆಗಾಗ ಮನೆಗೆ ಬರುತ್ತಾರೆ. ಹಳೇ ನಕಾಶೆ ಓದುವುದು ಹೇಗೆ, ಗಡಿಯ ಬಾಂದು ಕಲ್ಲು ಸಿಗದಿದ್ದರೆ ಎಲ್ಲಿಂದ ಅಳತೆ ಹಿಡಿಯಬೇಕು ಅಂತೆಲ್ಲ ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳಿಕೊಡುತ್ತೇನೆ. ಆದರೆ ನಾವು ಅಳೆದು ಮುಗಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ ಮೇಲೆ ಆ ಊರಿನಲ್ಲಿ ಏನಾಗುತ್ತದೆ ಅಂತ ಇದುವರೆಗೆ ಒಬ್ಬನೂ ಕೇಳಿಲ್ಲ. ಅವರನ್ನು ದೂರಿ ಫಲವಿಲ್ಲ. ಸರ್ವಿಸಿನಲ್ಲಿ ಇದ್ದಷ್ಟು ದಿನ ನಾನೂ ಕೇಳಿಕೊಂಡವನಲ್ಲ. ಮೊದಮೊದಲು ಪುರಸೊತ್ತಿರಲಿಲ್ಲ, ಮಂಡಿನೋವು ಶುರುವಾದ ಮೇಲೆ ಮನಸ್ಸಿರಲಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲೇ ನನ್ನನ್ನು ಚೆಂಡಿನ ಹಾಗೆ ಎಸೆದಾಡಿದರು. ಬಯಲುಸೀಮೆಯ ಭೂಮಾಪಕರಿಗೆ ಬಿಸಿಲೊಂದೇ ಕಷ್ಟ. ಇಲ್ಲಿ ಏರು, ಇಳಿಜಾರು, ಮುಳ್ಳುಕಂಟಿ, ಜಿಗಣೆ. ಕಬ್ಬಿಣದ ಸರಪಳಿಯನ್ನು ಹಳ್ಳಕ್ಕೆ ಇಳಿಸಿ ಮತ್ತೆ ದಿಣ್ಣೆಗೆ ಹತ್ತಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಇದೆಲ್ಲ ಮೈಗೆ ಒಗ್ಗಿಹೋಗುತ್ತದೆ. ಒಗ್ಗದೇ ಉಳಿಯುವುದು ಜನರ ನಡುವೆ ನಿಲ್ಲುವ ಕೆಲಸ. ನಾವು ಹೋಗುವುದೇ ಇಬ್ಬರು ಮುಖ ಕೊಟ್ಟು ಮಾತಾಡದ ಜಾಗಕ್ಕೆ. ಇಬ್ಬರೂ ನಮ್ಮ ಮುಖವನ್ನೇ ನೋಡುತ್ತಾ ನಿಂತಿರುತ್ತಾರೆ. ಸುಮ್ಮನೆ ಕೆಮ್ಮಿದರೂ ಅದು ಯಾರ ಪರವಾಗಿ ಅಂತ ಲೆಕ್ಕ ಹಾಕುತ್ತಾರೆ.

ಕಡಹಿನಬೈಲಿನಲ್ಲಿ ಒಮ್ಮೆ ಅಣ್ಣತಮ್ಮಂದಿರ ಪಾಲು ಅಳೆಯಲು ಹೋಗಿದ್ದೆ. ಹೊಸಬ. ಬಿಸಿಲಲ್ಲಿ ನಡೆದು ಸುಸ್ತಾಗಿತ್ತು, ಮೊದಲು ಸಿಕ್ಕಿದ ಅಣ್ಣನ ಮನೆಯಲ್ಲಿ ಕಾಫಿ ಕುಡಿದೆ. ತಮ್ಮ ಕರೆದಾಗ ಈಗಷ್ಟೇ ಆಯಿತು, ಬೇಡ ಅಂದೆ. ಅಷ್ಟೇ ಸಾಕಾಯಿತು. ಅವನು ಸರಪಳಿಯ ತುದಿಯನ್ನು ಕಾಲಲ್ಲಿ ಮೆಟ್ಟಿಕೊಂಡು ನಿಂತುಬಿಟ್ಟ. “ಕಾಫಿ ಆ ಕಡೆ ಆದ್ಮೇಲೆ ಅಳತೆ ಈ ಕಡೆಗೆ ಹ್ಯಾಗೆ ಬರ್ತದೆ ಮಾರಾಯ್ರೆ?” ಅಂದ. ಕೊನೆಗೆ ಅವನ ಮನೆಗೂ ಹೋಗಿ ದೊಡ್ಡ ಲೋಟದಲ್ಲಿ ಕುಡಿದು ಬಂದ ಮೇಲೆಯೇ ಸರಪಳಿ ಬಿಟ್ಟದ್ದು. ಆಮೇಲೆ ನಾನು ಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಳ್ಳಲು ಕಲಿತೆ.

ಮೇಲಧಿಕಾರಿಗಳು ಬಹಳ ಮಂದಿ ಬಂದು ಹೋದರು. ನನ್ನ ಸರ್ವಿಸಿನ ಕೊನೆಗಾಲದಲ್ಲಿ ಬಂದ ಒಬ್ಬ ಸಾಹೇಬರ ವಿಷಯ ಮಾತ್ರ ಹೇಳುತ್ತೇನೆ. ಬಯಲುಸೀಮೆಯವರು, ಇಸ್ತ್ರಿ ಪ್ಯಾಂಟು, ಪಾಲಿಶ್ ಬೂಟು. ಸಿರಿಮನೆ ಕಡೆ ಮೊದಲ ಸಲ ಹೋದಾಗ ಬೂಟು ಬಿಚ್ಚಿ ನೋಡಿ ಜಿಗಣೆಗಳಿಗೆ ಹೆದರಿ ಜೀಪಿನ ಬಾನೆಟ್ ಮೇಲೆ ಹತ್ತಿ ಕೂತವರು. ಆದರೂ ಕೆಲಸದಲ್ಲಿ ಚೊಕ್ಕ. “ನಮ್ಮ ಕೆಲಸ ಗೆರೆ ಹಾಕೋದು ಕಣ್ರೀ, ಅವರ ಸಂಸಾರ ನಡೆಸೋದಲ್ಲ” ಅನ್ನುತ್ತಿದ್ದರು. ಅವರ ಕಾಲದಲ್ಲೇ ನಮ್ಮ ಕಚೇರಿಗೆ ಟೋಟಲ್ ಸ್ಟೇಷನ್ ಅನ್ನುವ ಮಷೀನು ಬಂತು. ಮೂರು ಕಾಲಿನ ಮೇಲೆ ನಿಲ್ಲಿಸಿ ಕಣ್ಣಿಟ್ಟರೆ ಆಯಿತು, ಸರಪಳಿ ಎಳೆದ ಹೆಗಲುಗಳಿಗೆಲ್ಲ ಮುಕ್ತಿ. ನನ್ನ ಹೆಗಲು ಅಷ್ಟರಲ್ಲಿ ಸವೆದು ಹೋಗಿತ್ತು.

ಈ ಸರಪಳಿ, ಮಷೀನು, ಸಾಹೇಬರು ಎಲ್ಲ ಒಟ್ಟಿಗೆ ಸೇರಿದ ಕೇಸು ನೆಲ್ಲಿಕಡವಿನದು.

ಹರಿಹರಪುರದಿಂದ ಕೆಳಗೆ ತುಂಗೆಯ ದಡದಲ್ಲಿರುವ ಊರು ಅದು. ಈಗ ಹೋದರೆ ಹೊಳೆ ಪಕ್ಕದಲ್ಲಿ ಪೊದೆ ಹಬ್ಬಿದ ಪಾಯಗಳಷ್ಟೇ ಕಾಣುತ್ತವೆ. ನಮ್ಮ ಅಜ್ಜಂದಿರ ಕಾಲದಲ್ಲಿ ಅಲ್ಲಿ ಹೊಳೆಗೆ ಮುಖ ಮಾಡಿ ಅಂಗಡಿ ಸಾಲು ಇತ್ತಂತೆ. ಉಪ್ಪು, ಒಣಮೀನು, ಬಟ್ಟೆ, ಹೊಗೆಸೊಪ್ಪು. ಒಂದು ಎಣ್ಣೆ ಗಾಣ, ಗಾಡಿಚಕ್ರಕ್ಕೆ ಪಟ್ಟಿ ಕಟ್ಟುವ ಕುಲುಮೆ. ಆಗುಂಬೆ ಘಟ್ಟ ಹತ್ತಿ ಬಂದ ಗಾಡಿಗಳು ಆಚೆ ದಡದಲ್ಲಿ ನಿಲ್ಲುತ್ತಿದ್ದವು. ಸಾಮಾನು ದೋಣಿಯಲ್ಲಿ ಈಚೆಗೆ ಬರುತ್ತಿತ್ತು, ಈಚೆಯ ಅಕ್ಕಿ, ಅಡಿಕೆ ಆಚೆಗೆ ಹೋಗುತ್ತಿತ್ತು. ವ್ಯಾಪಾರದವರಲ್ಲಿ ದೊಡ್ಡವರು ಅಂಗಡಿಮನೆಯ ಶೆಟ್ಟರು, ಬೇಸಾಯದವರಲ್ಲಿ ದೊಡ್ಡವರು ಗದ್ದೆಮನೆಯ ಗೌಡರು. ಇಬ್ಬರ ಜಮೀನಿನ ನಡುವೆ ಹೊಳೆಗೆ ಇಳಿಯುವ ಗಾಡಿದಾರಿ. ಆ ದಾರಿಯ ತುದಿಯಲ್ಲಿ ದೋಣಿ ನಡೆಸುವವನ ಗುಡಿಸಲು. ಅದಕ್ಕೆ ದೋಣಿಮನೆ ಅಂತ ಹೆಸರು.

ದೋಣಿಯಿಲ್ಲದೆ ಶೆಟ್ಟರ ಅಂಗಡಿಯೂ ನಡೆಯುತ್ತಿರಲಿಲ್ಲ, ಗೌಡರ ಅಕ್ಕಿಯೂ ಸಾಗುತ್ತಿರಲಿಲ್ಲ. ಹಾಗಾಗಿ ಇಬ್ಬರೂ ಸೇರಿ ಒಂದು ಕಟ್ಟಳೆ ಮಾಡಿಕೊಂಡಿದ್ದರು. ವರ್ಷ ವರ್ಷ ಮಳೆಗಾಲಕ್ಕೆ ಮೊದಲು ದೋಣಿಮನೆಯ ಮಾಡನ್ನು, ಅಂದರೆ ಸೂರನ್ನು, ಎರಡೂ ಮನೆಯವರು ಹೊದಿಸಿಕೊಡಬೇಕು. ಪಡು ಮಗ್ಗುಲು ಅಂಗಡಿಮನೆಯವರದು, ಮೂಡು ಮಗ್ಗುಲು ಗದ್ದೆಮನೆಯವರದು. ಸೋಗೆಯ ಕಾಲ ಹೋಗಿ ಹಂಚು ಬಂದ ಮೇಲೂ ಇದು ನಿಲ್ಲಲಿಲ್ಲ. ಸೇತುವೆಯಾಗಿ ದೋಣಿ ನಿಂತುಹೋದ ಮೇಲೂ ನಿಲ್ಲಲಿಲ್ಲ. ಒಡೆದ ಹಂಚು ತೆಗೆದು ಹೊಸದು ಕೂರಿಸಲು ಎರಡೂ ಮನೆಯ ಆಳುಗಳು ಬರುತ್ತಿದ್ದರು. ದೋಣಿಮನೆಯವರು ಮಾತ್ರ ಮಾಡು ಹತ್ತಬಾರದು.

ನಾನು ಹೋಗುವಾಗ ಆ ಮನೆಯಲ್ಲಿ ಇದ್ದವಳು ಗುಲಾಬಿ. ಕೊನೆಯ ದೋಣಿಯವನ ಸೊಸೆ. ಗಂಡ ತೀರಿಕೊಂಡಿದ್ದ, ಮಗಳನ್ನು ಮದುವೆ ಮಾಡಿ ಕಳಿಸಿದ್ದಳು. ಊರಿನ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದಳು. ಮಾಡು ಯಾಕೆ ಹತ್ತಬಾರದು ಅಂತ ಅವಳನ್ನೇ ಕೇಳಿದ್ದೆ.

“ನಮ್ಮತ್ತೆ ಹೇಳಿದ್ದು ಸರ್ವೆಯವ್ರೆ. ಅವ್ರು ಬಂದು ಹೊದಿಸಿಕೊಟ್ರೆ ಅವ್ರೇ ಕೂರಿಸಿದ ಹಂಗೆ ಅಲ್ದಾ? ತಾವೇ ಕೂರಿಸಿದವ್ರನ್ನ ತಾವೇ ಏಳ್ಸಾಕೆ ಆಗಲ್ಲ. ನಾವೇ ಹತ್ತಿ ರಿಪೇರಿ ಮಾಡ್ಕೊಂಡ್ರೆ ನಾವೇ ಬಂದು ಕೂತ ಹಂಗೆ ಆಯ್ತದೆ.”

ಅವಳ ಹತ್ತಿರ ಬೇರೆ ಯಾವ ಹಕ್ಕೂ ಇರಲಿಲ್ಲ. ವರ್ಷಕ್ಕೊಮ್ಮೆ ಎರಡು ಮನೆಯ ಆಳುಗಳು ಅವಳ ತಲೆಯ ಮೇಲೆ ಓಡಾಡುವುದೇ ಅವಳ ಹಕ್ಕು.

ಅಳತೆಗೆ ಅರ್ಜಿ ಹಾಕಿದವರು ಅಂಗಡಿಮನೆಯ ವಾಸು ಶೆಟ್ಟರು. ಒಂದು ಕಾಲದಲ್ಲಿ ಹೊಳೆ ಬದಿಯ ಜಾಗ ಅಂದರೆ ನೆರೆ ನುಗ್ಗುತ್ತದೆ, ಚಳಿಜ್ವರ ಬರುತ್ತದೆ ಅಂತ ಮೂಗು ಮುರಿಯುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಹೋಂಸ್ಟೇ ಅನ್ನುವುದು ಶುರುವಾಯಿತು ನೋಡಿ, ಹೊಳೆ ಕಾಣುವ ಜಾಗಕ್ಕೆ ಎಲ್ಲಿಲ್ಲದ ಮರ್ಯಾದೆ ಬಂತು. ಹೊರಗಿನ ಪಾರ್ಟಿಯೊಂದು ಶೆಟ್ಟರ ಜಾಗ ನೋಡಿ ಮೆಚ್ಚಿತ್ತು. ಹೊಳೆಗೆ ಇಳಿಯುವ ದಾರಿ ಸಮೇತ ಬೇಕು, ಮೊದಲು ಗಡಿ ಗುರುತಿಸಿ ಅಂದಿತ್ತು.

ನೋಟಿಸು ಹೋಗಿ ಗದ್ದೆಮನೆಯ ತಿಮ್ಮಪ್ಪ ಗೌಡರೂ ಬಂದು ನಿಂತರು. ಜಗಳಕ್ಕೆ ತಯಾರಾಗಿಯೇ ಹೋಗಿದ್ದ ನನಗೆ ಆಶ್ಚರ್ಯ ಕಾದಿತ್ತು. ಗಡಿ ಎಲ್ಲಿ ಅಂತ ಕೇಳಿದರೆ ಇಬ್ಬರೂ ಒಂದೇ ಕಡೆ ಕೈ ತೋರಿಸಿದರು.

“ದೋಣಿಮನೆ ಮಾಡಿನ ನೆತ್ತಿ ನೋಡಿ” ಅಂದರು ಶೆಟ್ಟರು. “ಅಲ್ಲಿಂದ ಪಡುವಕ್ಕೆ ನಮ್ದು. ಮಳೆ ಹೊಡೆಯೋ ಮಗ್ಗುಲು. ಕಷ್ಟದ್ದು ಯಾವಾಗ್ಲೂ ನಮ್ಮ ಪಾಲಿಗೆ.”

“ಮೂಡಕ್ಕೆ ನಮ್ದು” ಅಂದರು ಗೌಡರು. “ದೋಣಿಯವ್ರಿಗೆ ಜಾಗ ಕೊಟ್ಟದ್ದೇ ನಮ್ಮಜ್ಜ.”

“ಅರ್ಧ ಜಾಗ. ಇನ್ನರ್ಧ ನಮ್ಮಜ್ಜ.”

ಇಷ್ಟೇ ತಕರಾರು. ಯಾರು ಕೊಟ್ಟದ್ದು ಅನ್ನುವ ಹೆಮ್ಮೆಯ ಮಾತು ಬಿಟ್ಟರೆ ಬೇರೇನಿಲ್ಲ. ಮಧ್ಯಾಹ್ನದ ಬಸ್ಸೇ ಸಿಗುತ್ತದೆ ಅಂದುಕೊಂಡೆ. ಹೊಸ ಹುಡುಗರು ಇಲ್ಲಿ ಜೋಪಾನವಾಗಿರಬೇಕು. ಇಬ್ಬರು ಒಪ್ಪಿದ್ದಾರೆ ಅಂದಮಾತ್ರಕ್ಕೆ ಅದು ಗಡಿಯಾಗುವುದಿಲ್ಲ. ಮೂಲ ಸರ್ವೆಯಲ್ಲಿ ಎಲ್ಲಿ ಕಲ್ಲು ನೆಟ್ಟರೋ ಅಲ್ಲಿಂದಲೇ ಅಳೆದು ತೋರಿಸಬೇಕು.

ಹೊಳೆ ಕಡೆಯ ಕಲ್ಲು ಜಾಗದಲ್ಲಿ ಇರಲಿಲ್ಲ. ಹುಡುಕಿ ಸುಸ್ತಾಗಿ ಕೂತಾಗ ಕಂಡದ್ದು ಶೆಟ್ಟರ ಮನೆಯ ಬಟ್ಟೆ ಒಗೆಯುವ ಕಲ್ಲು. ತಲೆಯ ಮೇಲಿನ ಬಾಂದಿನ ಗುರುತು ಅರ್ಧ ಸವೆದಿತ್ತು. ಯಾರ ಕಾಲದಲ್ಲಿ ಕಿತ್ತು ತಂದದ್ದೋ ಅವರಿಗೂ ಗೊತ್ತಿಲ್ಲ. ಮೇಲುಗಡೆಯ ಎರಡು ಕಲ್ಲು ಗಟ್ಟಿಯಾಗಿದ್ದವು. ಅಲ್ಲಿಂದ ಸರಪಳಿ ಹಿಡಿದು ಹೊಳೆಯ ಕಡೆಗೆ ಇಳಿದೆ. ಅಳತೆ ದೋಣಿಮನೆಯ ಹತ್ತಿರ ಬರುತ್ತಿದ್ದ ಹಾಗೆ ಗುಲಾಬಿ ಒಳಗಿನಿಂದ ಹೊರಗೆ ಬಂದಳು.

“ನನ್ನ ಮನೆ ಯಾವ ಕಡೆಗೆ ಬರ್ತದೆ ಸರ್ವೆಯವ್ರೆ?”

“ಇನ್ನೂ ಗೊತ್ತಾಗಿಲ್ಲಮ್ಮ.”

“ಒಂದೇ ಕಡೆಗೆ ಹಾಕ್ಬೇಡಿ ಮಾರಾಯ್ರೆ. ಎರಡು ಕಡೆಗೂ ಸ್ವಲ್ಪ ಸ್ವಲ್ಪ ಬರ್ಲಿ.”

ಜಮೀನಿಗಾಗಿ ಬೇಡಿಕೊಂಡವರನ್ನು ಬಹಳ ನೋಡಿದ್ದೇನೆ. ಎರಡು ಕಡೆಗೂ ಹಂಚಿಹೋಗಲಿ ಅಂತ ಬೇಡಿಕೊಂಡವಳು ಅವಳೊಬ್ಬಳೇ.

ಅಳತೆ ಹಾಗೆ ಬರಲಿಲ್ಲ. ಎರಡು ಸಲ ಎಳೆದು ನೋಡಿದೆ. ಗಾಡಿದಾರಿಯ ಕೆಳಭಾಗ ಹೊಳೆಯೊಳಗೆ ಹೋಗಿತ್ತು, ಈಗ ಜನ ಹೊಳೆಗೆ ಇಳಿಯುವ ದಾರಿ ಗೌಡರ ಜಾಗದಲ್ಲಿತ್ತು. ದೋಣಿಮನೆ ಪೂರ್ತಿಯಾಗಿ, ನಾಲ್ಕು ಗೋಡೆ, ಬಚ್ಚಲು, ಮಲ್ಲಿಗೆ ಬಳ್ಳಿ ಎಲ್ಲ ಸೇರಿ, ಗೌಡರ ಜಾಗದೊಳಗೆ ಕೂತಿತ್ತು. ಶೆಟ್ಟರಿಗೆ ಒಂದು ಗೇಣೂ ಇರಲಿಲ್ಲ.

ಇದು ಹೇಗೆ ಅಂತ ಬಿಡಿಸಿದವಳು ಗುಲಾಬಿಯೇ. ಅವಳು ಮದುವೆಯಾಗಿ ಬರುವ ಮೊದಲು ದೊಡ್ಡ ನೆರೆಯೊಂದು ಬಂದು ಹಳೇ ಗುಡಿಸಲನ್ನು ಕೊಚ್ಚಿಕೊಂಡು ಹೋಗಿತ್ತಂತೆ. ಅವಳ ಮಾವ ನೀರು ಮುಟ್ಟದ ಕಡೆ, ಮೇಲಕ್ಕೆ ಮತ್ತು ಮೂಡಕ್ಕೆ ಸರಿದು ಹೊಸದು ಕಟ್ಟಿದ. ಮಳೆಗಾಲದ ಮೊದಲು ಎರಡೂ ಮನೆಯ ಆಳುಗಳು ವಾಡಿಕೆಯಂತೆ ಬಂದರು. ಗುಡಿಸಲು ಎಲ್ಲಿದೆ ಅಂತ ಯಾರು ನೋಡುತ್ತಾರೆ? ಪಡು ಮಗ್ಗುಲು ಅವರು ಹೊದಿಸಿದರು, ಮೂಡು ಮಗ್ಗುಲು ಇವರು ಹೊದಿಸಿದರು. ಗುಡಿಸಲು ಎದ್ದು ನಡೆದುಬಂದಿತ್ತು, ಗಡಿಯೂ ಅದರ ಹಿಂದೆಯೇ ನಡೆದುಬಂದಿತ್ತು. ಅಷ್ಟು ವರ್ಷ ಶೆಟ್ಟರ ಮನೆಯವರು ಗೌಡರ ಜಾಗದ ಮಾಡಿಗೆ ಹಂಚು ಹೊರುತ್ತಿದ್ದರು.

ಶೆಟ್ಟರು ಸಿಟ್ಟಾದರು. ಸರಪಳಿ ತುಕ್ಕು ಹಿಡಿದಿದೆ, ಕೊಂಡಿ ಬಗ್ಗಿದೆ ಅಂತ ಮೇಲೆ ದೂರು ಕೊಟ್ಟರು. ಹಾಗಾಗಿ ಸಾಹೇಬರೇ ಹೊಸ ಮಷೀನು ತಂದು ಅಳೆದರು. ದಿನವಿಡೀ ನಾನು ಎಳೆದದ್ದನ್ನು ಅದು ಕಾಫಿ ಆರುವಷ್ಟರಲ್ಲಿ ಮುಗಿಸಿತು. ಬಂದ ಗೆರೆ ಅದೇ. ನನ್ನ ಸರಪಳಿ ತಪ್ಪಿರಲಿಲ್ಲ ಅಂತ ಖುಷಿಯಾಗಬೇಕಿತ್ತು. ಖುಷಿಯಾಗಲಿಲ್ಲ. ಮಷೀನಿನದಾದರೂ ಬೇರೆ ಬರಲಿ ಅಂತ ಒಳಗೊಳಗೇ ಆಸೆಪಟ್ಟಿದ್ದೆ. ಸಾಹೇಬರು ಬೂಟಿಗೆ ಅಂಟಿದ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಾ, “ಸರಿ ಇದೆಯಲ್ರೀ, ಇನ್ನೇನು?” ಅಂದರು. ಇನ್ನೇನೂ ಇರಲಿಲ್ಲ. ಹೊಳೆಯ ದಾರಿ ಸಿಗದೆ ಹೊರಗಿನ ಪಾರ್ಟಿ ಬೇರೆ ಊರು ನೋಡಿಕೊಂಡಿತು. ನಾವು ಜೀಪು ಹತ್ತಿದೆವು.

ಆಮೇಲೆ ನನಗೆ ನಿವೃತ್ತಿಯಾಯಿತು. ಹಾರ, ಶಾಲು, ಎರಡು ಮಾತು. ಹೆಚ್ಚೇನೂ ಹೇಳಲಿಕ್ಕಿಲ್ಲ.

ಮರುವರ್ಷ ಬೇಸಿಗೆಯ ಕೊನೆಯಲ್ಲಿ ಮದುವೆಯೊಂದಕ್ಕೆ ಹೋದವನು ಹರಿಹರಪುರದ ಬಸ್‌ ನಿಲ್ದಾಣದಲ್ಲಿ ಗುಲಾಬಿಯನ್ನು ಕಂಡೆ. ಪ್ಲಾಸ್ಟಿಕ್ ಹಾಳೆಯ ಸುರುಳಿ ಕಂಕುಳಲ್ಲಿತ್ತು. ಕೇಳಿದ್ದಕ್ಕೆ ಹೇಳಿದಳು. ಹೋದ ಮಳೆಗಾಲದಲ್ಲಿ ಪಡು ಮಗ್ಗುಲಿಗೆ ಯಾರೂ ಹತ್ತಲಿಲ್ಲ. ಒಳಗೆಲ್ಲ ನೀರು. ಪಾತ್ರೆಗಳನ್ನೆಲ್ಲ ಸೋರುವ ಕಡೆ ಇಟ್ಟು ಒಲೆಯನ್ನು ಮೂಡು ಕಡೆಗೆ ಸಾಗಿಸಿ ಅರ್ಧ ಮನೆಯಲ್ಲಿ ಇದ್ದಳಂತೆ. ಈ ಮಳೆಗೆ ಪಡು ಗೋಡೆ ನಿಲ್ಲುವುದಿಲ್ಲ ಅಂದಳು. ಗೋಡೆ ಹೋದರೆ ಮಗಳ ಮನೆಗೆ ಹೋಗಬೇಕು, ಹೋದರೆ ಮತ್ತೆ ಬರಲು ಜಾಗವಿಲ್ಲ.

“ನೀವು ಅಳೆದದ್ದು ಸರಿಯೇ ಇತ್ತಲ್ಲ ಸರ್ವೆಯವ್ರೆ?” ಅಂತ ಕೇಳಿದಳು. ಕೊಂಕಿನ ಮಾತಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು.

“ಸರಿ ಇತ್ತಮ್ಮ” ಅಂದೆ. ಹೇಳುವಾಗ ನನಗೇ ಬೇಜಾರಾಯಿತು.

ಮದುವೆ ಊಟ ಬಿಟ್ಟು ಅವಳು ಹತ್ತಿದ ಬಸ್ಸಿನಲ್ಲೇ ನೆಲ್ಲಿಕಡವಿಗೆ ಹೋದೆ. ಸಿಟ್ಟಿತ್ತು, ಯಾರ ಮೇಲೆ ಅಂತ ಗೊತ್ತಿರಲಿಲ್ಲ. ಮೊದಲು ಶೆಟ್ಟರ ಮನೆ.

“ಬೇರೆಯವ್ರ ಜಾಗದ ಮಾಡಿಗೆ ನಾನು ಆಳು ಹತ್ತಿಸೋದು ಹ್ಯಾಗೆ ಮಾರಾಯ್ರೆ?” ಅಂದರು ಶೆಟ್ಟರು. “ಒಂದು ಗೇಣೂ ನಿಮ್ದಲ್ಲ ಅಂತ ನೀವೇ ಅಲ್ವಾ ಎಲ್ರ ಮುಂದೆ ಹೇಳಿದ್ದು? ಈಗ ಹತ್ತಿದ್ರೆ ಊರವ್ರು ನಗಲ್ವಾ?”

ಆಮೇಲೆ ಗೌಡರ ಮನೆ. ಗೌಡರು ಗುಲಾಬಿಯನ್ನು ಏಳಿಸುವ ಮಾತು ಎತ್ತಿರಲಿಲ್ಲ. ತಮ್ಮ ಮೂಡು ಮಗ್ಗುಲಿಗೆ ಹಂಚು ಹಾಕಿಸಿಯೂ ಇದ್ದರು.

“ಆ ಮಗ್ಗುಲು ಅಂಗಡಿಮನೆಯವ್ರದ್ದು” ಅಂದರು. “ನಮ್ಮಜ್ಜನ ಕಾಲದಿಂದ. ಜಾಗ ನಮ್ದೇ ಇರ್ಬಹುದು, ನಾವು ಮುಟ್ಟಿದ್ರೆ ಅವ್ರ ಮುಖಕ್ಕೆ ಹೊಡೆದ ಹಂಗೆ ಅಲ್ದಾ? ಅಳತೆ ಆದ್ಮೇಲೆ ಮಾತು ಬಿಟ್ಟಿರ್ಬಹುದು, ಮರ್ಯಾದೆ ಬಿಡಾಕಾಗಲ್ಲ.”

ಒಬ್ಬರು ತಮ್ಮದಲ್ಲ ಅಂತ ಹತ್ತುವುದಿಲ್ಲ. ಇನ್ನೊಬ್ಬರು ತಮ್ಮದಾದರೂ ಹತ್ತುವುದಿಲ್ಲ. ಇಬ್ಬರೂ ಮಾನವಂತರೇ. ಕೆಟ್ಟವರಾಗಿದ್ದರೆ ಬೈದು ಬಸ್ಸು ಹತ್ತಬಹುದಿತ್ತು.

“ಹಾಗಾದ್ರೆ ನಾನೇ ಹತ್ತುತ್ತೇನೆ” ಅಂದೆ. “ನನಗೆ ಈ ಊರಲ್ಲಿ ಯಾವ ಮಗ್ಗುಲೂ ಇಲ್ಲ.”

ಗೌಡರು ನನ್ನ ಮಂಡಿಯ ಕಡೆ ನೋಡಿ ನಕ್ಕರು. ಆದರೂ ಅಟ್ಟದ ಹಳೇ ಹಂಚುಗಳನ್ನು ಆಳಿನ ತಲೆಯ ಮೇಲೆ ಹೊರಿಸಿದರು. “ಇದು ನಿಮಗೆ ಕೊಟ್ಟದ್ದು, ಆ ಮಾಡಿಗಲ್ಲ” ಅಂತ ಸ್ಪಷ್ಟಪಡಿಸಿದರು. ಏಣಿ ಕೇಳಲು ಮತ್ತೆ ಶೆಟ್ಟರ ಮನೆಗೆ ಹೋದೆ. “ಎಂತಕ್ಕೆ ಅಂತ ನಾನು ಕೇಳೋದಿಲ್ಲ” ಅಂತ ಅವರು ಕೊಟ್ಟಿಗೆಯ ಕಡೆ ಕೈ ತೋರಿಸಿದರು. ಕೇಳುವುದಿಲ್ಲ ಅಂದವರು ಸ್ವಲ್ಪ ಹೊತ್ತಿಗೆ ಹಿಂದೆಯೇ ಬಂದು ದೋಣಿಮನೆಯ ಪಡುವಕ್ಕೆ, ತಮ್ಮ ಬೇಲಿಯೊಳಗೆ ನಿಂತರು. ಗೌಡರು ಮೂಡಕ್ಕೆ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನನ್ನನ್ನು ನೋಡುತ್ತಿದ್ದರು. ಆ ನೋಟ ನನಗೆ ಹೊಸದಲ್ಲ.

ಮಾಡು ತಗ್ಗಿನದು. ಆದರೂ ಅರುವತ್ತು ದಾಟಿದ ಮಂಡಿಗೆ ಅದೇ ದೊಡ್ಡ ಗುಡ್ಡ. ಏದುಸಿರು ಬಿಡುತ್ತಾ ನೆತ್ತಿಯವರೆಗೆ ತಲುಪಿ, ಎರಡೂ ಕಡೆ ಕಾಲು ಇಳಿಬಿಟ್ಟು, ಹೊಳೆಗೆ ಮುಖ ಮಾಡಿ ಕೂತೆ. ಎಡಗಾಲು ಪಡುವಕ್ಕೆ, ಬಲಗಾಲು ಮೂಡಕ್ಕೆ. ಹಳೇ ದೋಣಿ ನಿಲ್ಲುತ್ತಿದ್ದ ಜಾಗದ ಮೇಲೆ ನೀರು ಸದ್ದಿಲ್ಲದೆ ಹೋಗುತ್ತಿತ್ತು. ಒಂದು ಹಂಚು ತೆಗೆದು ಕೆಳಕ್ಕೆ ಜಾರಲು ಎಡಗಾಲು ಚಾಚಿದೆ.

“ಸರ್ವೆಯವ್ರೆ, ಅಲ್ಲಿ ಕಾಲಿಡ್ಬೇಡಿ!” ಶೆಟ್ಟರು ಕೂಗಿದರು. “ನಮ್ಮ ಮಗ್ಗುಲಿನ ಪಕಾಸಿ ಮರ ಆ ತುದೀಲಿ ಕೊಳೆತು ಕುಂಬಾಗಿದೆ. ಬಿದ್ದೀರಿ!”

ನಾನು ಕಾಲು ಹಿಂದಕ್ಕೆ ಎಳೆದುಕೊಂಡು ಗೌಡರ ಮುಖ ನೋಡಿದೆ. ‘ನಮ್ಮ ಮಗ್ಗುಲು’ ಅನ್ನುವ ಮಾತು ಅವರ ಕಿವಿಗೂ ಬಿದ್ದಿತ್ತು. ನಾನು ಅಳೆದು, ಸಾಹೇಬರು ಮಷೀನಿಟ್ಟು ಅಳೆದು, ಅಲ್ಲ ಅಂತ ತೀರ್ಮಾನವಾದ ಜಾಗ. ಗೌಡರು ಎದುರು ಒಂದು ಮಾತು ಆಡಿದರೆ ಇಬ್ಬರೂ ಕೋರ್ಟಿಗೆ ಹೋಗುವಂಥದ್ದು.

ಗೌಡರು ಗಂಟಲು ಸರಿಮಾಡಿಕೊಂಡರು.

“ಇಳೀರಿ ಸರ್ವೆಯವ್ರೆ” ಅಂದರು. “ಅವರ ಮಗ್ಗುಲಿನ ಮರ ಎಲ್ಲಿ ಕುಂಬಾಗಿದೆ ಅಂತ ಅವರಿಗೇ ಗೊತ್ತು. ನಿಮ್ಮಿಂದ ಆಗೋ ಕೆಲ್ಸ ಅಲ್ಲ ಅದು.”

“ನಾಳೆ ಆಳು ಕಳಿಸ್ತೀನಿ” ಅಂದರು ಶೆಟ್ಟರು, ನನಗೆ ಹೇಳುವ ಹಾಗೆ.

“ಇವತ್ತೇ ಮಳೆ ಬಂದ್ರೆ?” ಅಂದರು ಗೌಡರು, ಅವರೂ ನನಗೇ ಹೇಳುವ ಹಾಗೆ.

ಶೆಟ್ಟರು ಮೋಡ ನೋಡಿದರು. ಪಂಚೆ ಎತ್ತಿ ಕಟ್ಟಿದರು. ಚಪ್ಪಲಿಯನ್ನು ತಮ್ಮ ಬೇಲಿಯ ಒಳಗೇ ಬಿಟ್ಟು, ಬೇಲಿ ದಾಟಿ ಬಂದು ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಏಣಿ ಅಲುಗಿತು. ಗೌಡರು ಸುತ್ತು ಹಾಕಿ ಬಂದು ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು.

ನಾನು ಹಂಚು ತೆಗೆದಿದ್ದ ಕಿಂಡಿಯಿಂದ ಒಳಗಿನದೆಲ್ಲ ಕಾಣುತ್ತಿತ್ತು. ಗುಲಾಬಿ ಪಡು ಕಡೆಯ ನೆಲದ ಮೇಲೆ ಸೋರುವ ನೀರಿಗೆಂದು ಸಾಲಾಗಿ ಇಟ್ಟಿದ್ದ ಪಾತ್ರೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದಳು.